ಕಿಟಕಿಗೆ ಕಟ್ಟಿದ ಕೌದಿ

ನಾನು ಹುಟ್ಟಿದ್ದು ಎರಡು ಮೂಲೆಗಳಿಂದ. ನಗಬೇಡಿ, ನಿಜ ಹೇಳುತ್ತಿದ್ದೇನೆ. ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಉಸಿರು ಕಟ್ಟಿಕೊಂಡು ಕೂತಿರುತ್ತವಲ್ಲ ಬ್ಲಾಂಕೆಟ್ಟುಗಳು, ಅವು ಯಂತ್ರದ ಒಂದು ತುದಿಗೆ ಹೊಕ್ಕು ಇನ್ನೊಂದು ತುದಿಗೆ ಉದುರಿ ಬೀಳುತ್ತವೆ. ಅವಕ್ಕೆ ತಾಯಿಯೂ ಇಲ್ಲ, ತವರೂ ಇಲ್ಲ. ನಾನು ಕೌದಿ. ಹಳೆಯ ಸೀರೆ, ಹರಿದ ಧೋತರ, ಮಕ್ಕಳಿಗೆ ಗಿಡ್ಡವಾದ ಲಂಗ, ಇಂಥವನ್ನೆಲ್ಲ ಪದರದ ಮೇಲೆ ಪದರ ಇಟ್ಟು ಕೈಯಿಂದ ಹೊಲಿದ ಹೊದಿಕೆ. ನನಗೆ ತಾಯಂದಿರು ಇಬ್ಬರು.

ಬೆಟಗೇರಿಯ ನೇಕಾರರ ಓಣಿಯಲ್ಲಿ ಗುರುಸಿದ್ದವ್ವನ ಮನೆ, ಅದಕ್ಕೆ ಗೋಡೆ ಹಚ್ಚಿ ದಾವಲಬಿಯ ಮನೆ. ಇಬ್ಬರೂ ಪವರ್‌ಲೂಮಿನಲ್ಲಿ ದುಡಿಯುವವರು. ಮಗ್ಗಗಳಿಗೆ ರಜೆಯಿದ್ದ ದಿನ ಕಟ್ಟೆಯ ಮೇಲೆ ಕೌದಿ ಹಾಸಿಕೊಂಡು ಕೂರುತ್ತಿದ್ದರು. ಗುರುಸಿದ್ದವ್ವ ಈ ಮೂಲೆಯಿಂದ ಸೂಜಿ ಹಿಡಿದರೆ ದಾವಲಬಿ ಎದುರಿನ ಮೂಲೆಯಿಂದ ಹಿಡಿಯುತ್ತಿದ್ದಳು. ಗುರುಸಿದ್ದವ್ವನದು ಬಿಗಿಯಾದ ಸಣ್ಣ ಹೊಲಿಗೆ, ಹೊಲಿದಲ್ಲೆಲ್ಲ ಬಟ್ಟೆ ಮುದುರಿಕೊಳ್ಳಬೇಕು. ದಾವಲಬಿಯದು ಉದ್ದನೆಯ ಸಡಿಲ ಹೊಲಿಗೆ. "ಹೊಚ್ಚಿಕೊಂಡವರಿಗೆ ಉಸರಾಡಾಕ ಜಾಗಾ ಬಿಡವಾ," ಅನ್ನುತ್ತಿದ್ದಳು. ಇಂದಿಗೂ ನನ್ನ ಅರ್ಧ ಮೈ ಬಿಗಿ, ಅರ್ಧ ಮೈ ಸಡಿಲ. ನನಗೇನೂ ಅದರ ನಾಚಿಕೆಯಿಲ್ಲ.

ಇಬ್ಬರ ಹೊಲಿಗೆಗಳು ನಡುವೆ ಬಂದು ಕೂಡುವ ಹೊತ್ತಿಗೆ ಅಂಗೈಯಗಲ ಜಾಗವನ್ನು ಹೊಲಿಯದೆ ಬಿಡುತ್ತಿದ್ದರು. ಅದು ಕೌದಿಯ ಹೊಟ್ಟೆ. ಖಾಲಿ ಹೊಟ್ಟೆಯ ಕೌದಿ ಹೊದ್ದು ಮಲಗಿದವರು ಹಸಿವಿನಿಂದ ಏಳುತ್ತಾರೆಂದು ಅವರ ನಂಬಿಕೆ. ಹಾಗಾಗಿ ಗುರುಸಿದ್ದವ್ವ ತನ್ನ ಮನೆಯ ಅಕ್ಕಿ ಒಂದು ಚಿಟಿಕೆ, ದಾವಲಬಿ ತನ್ನ ಮನೆಯ ಜೋಳ ಒಂದು ಚಿಟಿಕೆ ಹಾಕಿ ಮೇಲೆ ತುಂಡು ಬಟ್ಟೆ ಇಟ್ಟು ಮುಚ್ಚುತ್ತಿದ್ದರು. ಆಗ ಒಂದು ಹಾಡು. ಕೌದಿಯ ಹೊಟ್ಟೆ ಬಾಯಿ ತೆರೆದು ಕೂತಾಗ ಮಾತ್ರ ಅದನ್ನು ಹಾಡಬೇಕು, ಸುಮ್ಮಸುಮ್ಮನೆ ಹಾಡಿದರೆ ಮನೆಗೆ ಹಸಿವು ಕರೆದಂತೆ.

ಗುರುಸಿದ್ದವ್ವ ಎತ್ತುತ್ತಿದ್ದಳು:

ಹಸದು ಕುಂತಾಳ ನಮ್ಮ ಕೌದೆವ್ವ ತಂಗೀ
ಹೊಟ್ಟಿಗೇನ ಹಾಕಿ ಮುಚ್ಚೂಣ?

ಅದಕ್ಕೆ ದಾವಲಬಿ ಸೊಲ್ಲು ಹೊಡೆಯುತ್ತಿದ್ದಳು, ಅಂದರೆ ಉತ್ತರ ಹಾಡುತ್ತಿದ್ದಳು. ಗುರುಸಿದ್ದವ್ವನ ನುಡಿಗಳು ಎಲ್ಲ ಕೌದಿಗೂ ಅವೇ. ದಾವಲಬಿಯ ಸೊಲ್ಲು ಮಾತ್ರ ಕೌದಿಗೊಂದು. ಮುಂದಿರುವ ಕೌದಿಯಲ್ಲಿ ಯಾರ ಲಂಗದ ತುಂಡಿದೆ, ಯಾರ ಧೋತರ ಸೇರಿದೆ ಎಂದು ನೋಡಿ ಅಲ್ಲೇ ಕಟ್ಟಿ ಅಲ್ಲೇ ಹಾಡುತ್ತಿದ್ದಳು. ಹೊಟ್ಟೆ ಮುಚ್ಚಿದ ಮೇಲೆ ಅವಳಿಗೇ ಅದು ನೆನಪಿರುತ್ತಿರಲಿಲ್ಲ. ನನ್ನ ಸೊಲ್ಲು ನನಗೆ ಪೂರ್ತಿ ಗೊತ್ತಿದೆ. ಇಲ್ಲಿ ಹೇಳುವುದಿಲ್ಲ. ಅದು ದಾವಲಬಿಯದು, ನಾನು ಬರೀ ಹೊತ್ತುಕೊಂಡವಳು.

ಇನ್ನೊಂದು ಸಂಗತಿ ಹೇಳಲೇಬೇಕು. ಲೂಮಿನ ಖಟಪಟದಲ್ಲಿ ಬೆಳೆದ ದಾವಲಬಿಗೆ ಕಿವಿ ಮಂದ. ಆ ಶೆಡ್ಡುಗಳಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ತುಟಿ ನೋಡಿಯೇ ಮಾತಾಡಿಕೊಳ್ಳುತ್ತಾರೆ. ಹಾಡುವಾಗಲೂ ಅವಳು ಗುರುಸಿದ್ದವ್ವನ ತುಟಿಯಿಂದ ಕಣ್ಣು ತೆಗೆಯುತ್ತಿರಲಿಲ್ಲ. ಹಾಗಾದರೆ ರಾಗ? ರಾಗ ನನ್ನಿಂದ! ಇಬ್ಬರೂ ಮೊಣಕಾಲ ಮೇಲೆ ನನ್ನನ್ನು ಬಿಗಿಯಾಗಿ ಎಳೆದುಕೊಂಡು ಕೂತಿರುತ್ತಿದ್ದರಲ್ಲ, ಗುರುಸಿದ್ದವ್ವ ದನಿ ತೆಗೆದರೆ ಅವಳ ಎದೆಯ ನಡುಕ ನನ್ನ ಮೈಯಲ್ಲಿ ಹಾದು ದಾವಲಬಿಯ ಅಂಗೈಗೆ ಮುಟ್ಟುತ್ತಿತ್ತು. ಅಷ್ಟು ಸಾಕು ಅವಳಿಗೆ. ಎಂಥ ಸೊಲ್ಲು ಹೊಡೆಯುತ್ತಿದ್ದಳು ಅಂತೀರಿ! ಓಣಿಯ ಹೆಂಗಸರು ಕೊಡ ಕೆಳಗಿಟ್ಟು ನಿಲ್ಲುತ್ತಿದ್ದರು.

ನಾನು ಗುರುಸಿದ್ದವ್ವನ ಪಾಲಿಗೆ ಬಂದೆ, ನನ್ನ ನಂತರದವಳು ದಾವಲಬಿಯ ಪಾಲಿಗೆ ಹೋದಳು. ಗುರುಸಿದ್ದವ್ವನ ಮಗಳು ಪ್ರಭಾ ನನ್ನೊಳಗೇ ಬೆಳೆದಳು. ಎಷ್ಟು ಸಲ ನನ್ನನ್ನು ಒದ್ದೆ ಮಾಡಿದಳೋ, ಎಷ್ಟು ಸಲ ಬಿಸಿಲಿಗೆ ಒಣಗಿದೆನೋ, ಅದನ್ನೆಲ್ಲ ಈಗ ಹೇಳಿದರೆ ಪಾಪ ಮುಖ ಕೆಂಪಗೆ ಮಾಡಿಕೊಳ್ಳುತ್ತಾಳೆ.

ಎಲ್ಲ ಚೆನ್ನಾಗಿತ್ತು. ಒಂದು ಸಲ ಜಾನಪದದ ಕಾರ್ಯಕ್ರಮ ಮಾಡುವವರು ಓಣಿಗೆ ಬಂದರು. ಗುರುಸಿದ್ದವ್ವ ಬೀಸುವ ಪದ ಚೆನ್ನಾಗಿ ಹೇಳುತ್ತಾಳೆಂದು ಯಾರೋ ಕಿವಿಗೆ ಹಾಕಿದ್ದರು. ಕಾರಿನಲ್ಲಿ ಒಬ್ಬರಿಗೇ ಜಾಗ ಅಂದರು. ದಾವಲಬಿ ನಗುತ್ತಲೇ, "ಹೋಗಿ ಬಾರವಾ, ಆದ್ರ ಜೋಡಿ ಪದಾ ಹಾಡಬ್ಯಾಡ ನೋಡು, ಒಬ್ಬಾಕಿ ಹಾಡೂದು ಹಾಡು," ಅಂದಳು. ಗುರುಸಿದ್ದವ್ವ ತಲೆಯಾಡಿಸಿ ಹೋದಳು. ವೇದಿಕೆಯ ಮೇಲೆ ದೀಪ, ಮುಂದೆ ಜನ, ಕೈಯಲ್ಲಿ ಮೈಕು. ಏನಾಯಿತೋ ಅವಳಿಗೆ, ಜೋಡಿ ಪದವನ್ನೇ, ನಮ್ಮ ಹೊಟ್ಟೆ ತುಂಬುವ ಹಾಡನ್ನೇ ಎತ್ತಿದಳು. ಸೊಲ್ಲು ಬರುವ ಜಾಗದಲ್ಲಿ ತಾನೇ ಏನೋ ಕಟ್ಟಿ ಹಾಡಿದಳು. ಜನ ಚಪ್ಪಾಳೆ ತಟ್ಟಿದರು, ಶಾಲು ಹೊದಿಸಿದರು.

ಶಾಲು ಮಡಚಿಡುವ ಮೊದಲೇ ಸುದ್ದಿ ಊರಿಗೆ ಬಂದಿತ್ತು. ದಾವಲಬಿ ಬಾಗಿಲಲ್ಲಿ ನಿಂತು ಕೇಳಿದಳು. "ನನ್ನ ಜಾಗಾದಾಗ ನೀನ ಕುಂತಿ ಅಂತ? ಖರೇ ಏನು?" ಗುರುಸಿದ್ದವ್ವ ತಪ್ಪಾಯ್ತು ಅನ್ನಬೇಕಿತ್ತು. ಅದರ ಬದಲು, "ಜನಾ ಕುಂತಿದ್ರು, ಬಾಯಿ ಮುಚ್ಚಿಕೊಂಡು ನಿಂದ್ರಲೇನ?" ಅಂದುಬಿಟ್ಟಳು. ದಾವಲಬಿ ತನ್ನ ಮನೆಗೆ ಹೋಗಿ ಕದ ಹಾಕಿಕೊಂಡಳು. ಮಾತು ಬಿಟ್ಟರು. ಕೆಲವು ದಿನಗಳಲ್ಲಿ ದಾವಲಬಿ ಆ ಮನೆಯನ್ನೇ ಬಿಟ್ಟು ಹಿಂದಿನ ಓಣಿಗೆ ಹೋದಳು. ನನ್ನ ತಾಯಂದಿರು ಮತ್ತೆ ಕೌದಿ ಹೊಲಿಯಲಿಲ್ಲ.

ವರ್ಷಗಳು ಹೋದವು. ಪ್ರಭಾ ಗಂಡನ ಮನೆಯ ಸಹವಾಸ ಸಾಕೆಂದು ತವರಿಗೆ ಬಂದು ಹೊಲಿಗೆ ಯಂತ್ರ ಇಟ್ಟುಕೊಂಡಳು. ರವಿಕೆ ಹೊಲಿಯುತ್ತ ಕೂತವಳಿಗೆ ಅವ್ವನ ಹಾಡುಗಳನ್ನೆಲ್ಲ ಹಿಡಿದಿಡುವ ಹುಚ್ಚು ಹಿಡಿಯಿತು. ನಡುಮನೆಯ ಗೋಡೆಗೆಲ್ಲ ಕೌದಿ ಹೊಡೆದಳು, ಪಕ್ಕದ ಲೂಮಿನ ಸದ್ದು ಒಳಗೆ ಬರಬಾರದೆಂದು ಓಣಿಯ ಕಿಟಕಿಗೆ ನನ್ನನ್ನು ಕಟ್ಟಿದಳು. ಫೋನಿಗೆ ಸಣ್ಣದೊಂದು ಮೈಕು ಸಿಕ್ಕಿಸಿ ಅವ್ವನ ಮುಂದೆ ಇಡುತ್ತಿದ್ದಳು. ಆಮೇಲೆ ಯಂತ್ರದ ಕೆಳಗೆ ಬಿದ್ದ ಚಿಂದಿಗಳನ್ನು ಆಯ್ದು ರಟ್ಟಿನ ಮೇಲೆ ಅಂಟಿಸಿ ಹಾಡಿಗೊಂದು ಚಿತ್ರ ಮಾಡಿ, ಎರಡನ್ನೂ ಸೇರಿಸಿ ತಾನೇ ಇಂಟರ್‌ನೆಟ್ಟಿಗೆ ಹಾಕುತ್ತಿದ್ದಳು. ಕೇಳುವವರು ಬೆರಳೆಣಿಕೆಯಷ್ಟು. ಅವಳಿಗೆ ಅದರ ಚಿಂತೆಯಿರಲಿಲ್ಲ. ನನಗೂ ಹೆಮ್ಮೆ. ಹೊದಿಕೆಯಾಗಿ ಹುಟ್ಟಿದವಳು ಮುಪ್ಪಿನಲ್ಲಿ ಸದ್ದಿನ ಕಾವಲಿಗೆ ನಿಂತೆನಲ್ಲ!

ಎಲ್ಲ ಹಾಡೂ ಆಯಿತು, ಒಂದು ಉಳಿಯಿತು. ಕೌದಿಯ ಹೊಟ್ಟೆ ತುಂಬುವ ಹಾಡು. ಚಿಕ್ಕವಳಿದ್ದಾಗ ಅರ್ಧ ನಿದ್ದೆಯಲ್ಲಿ ಕೇಳಿದ್ದು ಪ್ರಭಾಗೆ ಮರೆತಿರಲಿಲ್ಲ. ಅದೊಂದು ಪೂರ್ತಿ ಸಿಕ್ಕರೆ ಸಾಕು ಅನ್ನುತ್ತಿದ್ದಳು. ಅಷ್ಟರಲ್ಲಿ ಗುರುಸಿದ್ದವ್ವನ ದನಿ ಒಡೆಯತೊಡಗಿತು. ನೆಗಡಿ ಅಂದರು, ಲೂಮಿನ ಧೂಳು ಅಂದರು. ಕೊನೆಗೆ ಹುಬ್ಬಳ್ಳಿಯಲ್ಲಿ ದೊಡ್ಡ ಡಾಕ್ಟರು ಗಂಟಲಲ್ಲಿ ಗಂಟು ಇದೆ, ಕೊಯ್ದು ತೆಗೆಯಬೇಕು, ದನಿಯೂ ಹೋಗುತ್ತದೆ ಎಂದರು.

ಊರಿಗೆ ಬಂದವಳೇ ಪ್ರಭಾ ನನ್ನನ್ನು ಕಿಟಕಿಯಿಂದ ಬಿಚ್ಚಿದಳು. ಹೊಟ್ಟೆಯಿಲ್ಲದೆ ಆ ಹಾಡಿಲ್ಲವಲ್ಲ. ಕತ್ತರಿಯ ತುದಿಯಿಂದ ನನ್ನ ಹೊಟ್ಟೆಯ ಹೊಲಿಗೆ ಕಿತ್ತಳು. ಒಳಗಿನ ಅಕ್ಕಿ, ಜೋಳ ಹುಳ ಬಿದ್ದು ಹಿಟ್ಟಾಗಿದ್ದವು. ಅದನ್ನು ಕೊಡವುವಾಗ ನನಗೆ ಹೇಗಾಯಿತೆಂದು ಕೇಳಬೇಡಿ. ಮಗ್ಗಗಳಿಗೆ ರಜೆಯ ದಿನ ನೋಡಿ ಅವ್ವನ ಮೊಣಕಾಲ ಮೇಲೆ ನನ್ನನ್ನು ಹಾಸಿ ಫೋನ್ ಇಟ್ಟಳು. ಗುರುಸಿದ್ದವ್ವ ಒಡೆದ ದನಿಯಲ್ಲೇ ಎತ್ತಿದಳು. ಹಸದು ಕುಂತಾಳ ನಮ್ಮ ಕೌದೆವ್ವ ತಂಗೀ, ಹೊಟ್ಟಿಗೇನ ಹಾಕಿ ಮುಚ್ಚೂಣ? ಆಮೇಲೆ ಸುಮ್ಮನಾದಳು. ಒಂದು ಸೊಲ್ಲಿನಷ್ಟು ಹೊತ್ತು ಕೂತು ಮುಂದಿನ ನುಡಿ ಎತ್ತಿದಳು. ಮತ್ತೆ ಸುಮ್ಮನಾದಳು.

"ನಡುವ ಯಾಕ ಸುಮ್ಮನಾಗ್ತಿ ಬೇ ಯವ್ವಾ?" ಪ್ರಭಾ ಫೋನ್ ನಿಲ್ಲಿಸಿ ಕೇಳಿದಳು.

"ನಾ ಎಲ್ಲಿ ಸುಮ್ಮನಾದೆ? ದಾವಲಿ ಹಾಡಾಕತ್ತಾಳ."

"ದಾವಲವ್ವ ಎಲ್ಲದಾಳ ಇಲ್ಲೆ?"

"ಇಲ್ಲ. ಅದಕ್ಕ ಜಾಗಾ ಬಿಟ್ಟೀನಿ."

"ನೀನ ಏನರೆ ಕಟ್ಟಿ ಹಾಡಿಬಿಡಲ್ಲಾ. ದನಿ ಹೋಗ್ತದ ಅಂದಾರ ಡಾಕ್ಟರು, ಟೈಮಿಲ್ಲ ನಮಗ."

"ಒಮ್ಮೆ ಕಟ್ಟಿ ಕೆಟ್ಟೀನಿ," ಅಂದಳು ಗುರುಸಿದ್ದವ್ವ. "ಅಕಿ ಜಾಗಾದಾಗ ಮತ್ತ ಕುಂಡ್ರಂಗಿಲ್ಲ." ಅಕ್ಕಿ ಮಾತ್ರ ಹಾಕಿ ಹೊಟ್ಟೆ ಮುಚ್ಚಿದಳು. ಜೋಳ ಹಾಕುವವಳು ಇರಲಿಲ್ಲವಲ್ಲ.

ಪ್ರಭಾ ಚಪ್ಪಲಿ ಮೆಟ್ಟಿಕೊಂಡು ಹಿಂದಿನ ಓಣಿಗೆ ಓಡಿದಳು, ಮುಖ ಸಣ್ಣ ಮಾಡಿಕೊಂಡು ಬಂದಳು. "ಸ್ಟೇಜಿನ ಮ್ಯಾಲ ನಾ ಬ್ಯಾಡಾಗಿದ್ದೆ, ಈಗ್ಯಾಕ ಬೇಕಾದೆ ಅಂತಾಳ. ಕರೀಬೇಕಂದ್ರ ಅಕೀನ ಬಂದು ತನ್ನ ಬಾಯಿಲೆ ಕರೀಲಿ ಅಂದ್ಲು. ಹೋಗಿ ಬಾ ಯವ್ವಾ, ನಿನ್ನ ಕಾಲಿಗೆ ಬೀಳ್ತೀನಿ. ಇವತ್ತ ಹೋಗು."

ಗುರುಸಿದ್ದವ್ವ ಎದ್ದು ಸೆರಗು ಸರಿ ಮಾಡಿಕೊಂಡಳು, ಹೊಸ್ತಿಲತನಕ ಹೋದಳು, ಮತ್ತೆ ಬಂದು ಕೂತಳು. "ಇಂಥಾ ಒಡಕ ದನಿ ಇಟ್ಕೊಂಡು ಹೋಗಿ ಏನ ಕರೀಲಿ? ಆಪರೇಶನ್ ಆಗ್ಲಿ. ಗಂಟು ಹೋದ್ರ ದನಿ ಚೊಲೋ ಆಗತೈತಿ. ಆವಾಗ ಹೋಗ್ತೀನಿ."

"ದನೀನ ಇರಂಗಿಲ್ಲ ಅಂದಾರ ಬೇ!"

"ಡಾಕ್ಟರಗೋಳು ಹಂಗ ಅಂತಾರ, ನಾಳೆ ತಮ್ಮ ಮ್ಯಾಲ ಬರಬಾರ್ದು ಅಂತ."

ಹಟಮಾರಿ, ನನ್ನ ತಾಯಿ. ಇಬ್ಬರೂ ಹಟಮಾರಿಗಳೇ. ಓಣಿಯ ಆ ತಿರುವು ದಾಟಲು ಇಬ್ಬರಿಗೂ ಆಗಲಿಲ್ಲ. ನನಗೆ ಕಾಲಿದ್ದಿದ್ದರೆ ಒಬ್ಬಳ ಕೊರಳಿಗೆ ಸುತ್ತಿಕೊಂಡು ಇನ್ನೊಬ್ಬಳ ಮನೆಗೆ ಎಳೆದೊಯ್ಯುತ್ತಿದ್ದೆ.

ಆಸ್ಪತ್ರೆಯಿಂದ ಬಂದ ಗುರುಸಿದ್ದವ್ವನ ಕೊರಳಿಗೆ ಒಂದು ತೂತಿತ್ತು, ಮೇಲೆ ಬಿಳಿ ಬಟ್ಟೆ. ಬಾಯಿ ತೆರೆದರೆ ಗಾಳಿಯೂ ಬರುತ್ತಿರಲಿಲ್ಲ. ಕೆಲವು ದಿನ ಗೋಡೆಗೆ ಮುಖ ಮಾಡಿ ಮಲಗಿದಳು. ಒಂದು ಬೆಳಗ್ಗೆ ಎದ್ದು ಕಿಟಕಿಯತ್ತ ಕೈ ತೋರಿಸಿದಳು. ಪ್ರಭಾ ನನ್ನನ್ನು ಬಿಚ್ಚಿ ಕೊಟ್ಟಳು. ನನ್ನನ್ನು ಹೊದ್ದುಕೊಂಡು ಗೋಡೆ ಹಿಡಿದು ಹೊರಟಳು, ಪ್ರಭಾ ಹಿಂದೆ.

ದಾವಲಬಿ ಬಾಗಿಲಲ್ಲಿ ಕೂತು ಮೆಂತ್ಯದ ಪಲ್ಲೆ ಸೋಸುತ್ತಿದ್ದಳು. ಕೂದಲೆಲ್ಲ ಬೆಳ್ಳಗಾಗಿತ್ತು. ಮೊದಲು ಅವಳ ಕಣ್ಣು ಬಿದ್ದದ್ದು ನನ್ನ ಮೇಲೆ, ತನ್ನ ಸಡಿಲ ಹೊಲಿಗೆಯ ಕಡೆ. ಆಮೇಲೆ ತಲೆ ಎತ್ತಿದಳು. ಗುರುಸಿದ್ದವ್ವನ ತುಟಿ ಅಲುಗಿತು. ದಾವಲೀ, ತಪ್ಪಾತವಾ, ಬಾ.

"ಆತ ಬಿಡ," ಅಂದಳು ದಾವಲಬಿ. "ಇಷ್ಟ ಅನ್ನಾಕ ಇಷ್ಟ ವರ್ಷ ಬೇಕಾತೇನು? ಒಳಗ ಬಾ, ಚಾ ಮಾಡ್ತೀನಿ."

ಗೆಳತಿಗೆ ದನಿಯಿಲ್ಲವೆಂದು ಅವಳಿಗೆ ತಿಳಿಯಲೇ ಇಲ್ಲ! ಈ ವರ್ಷಗಳಲ್ಲಿ ಕಿವಿ ಪೂರ್ತಿ ಹೋಗಿತ್ತು, ತುಟಿ ನೋಡಿದಳು, ಕೇಳಿತು ಅಂದುಕೊಂಡಳು. ಚಹಾ ಕಾಯುವ ಹೊತ್ತಿಗೆ ಇಬ್ಬರೂ ಅದೆಷ್ಟು ಮಾತಾಡಿದರು! ಯಾರು ಸತ್ತರು, ಯಾರ ಮಗಳು ಹಡೆದಳು, ಯಾವ ಶೆಡ್ಡಿಗೆ ಬೀಗ ಬಿತ್ತು, ಎಲ್ಲ. ಮೂಕಿಯಾದ ಗುರುಸಿದ್ದವ್ವ ಮಾತಾಡಬಹುದಾದ ಒಬ್ಬಳೇ ಒಬ್ಬಳು ಊರಲ್ಲಿ ಉಳಿದಿದ್ದಳು, ಅವಳು ದಾವಲಬಿ. ಪ್ರಭಾ ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಂಡಳು. ನನಗೂ, ಸುಳ್ಳು ಯಾಕೆ ಹೇಳಲಿ, ಎಲ್ಲ ಸರಿಹೋಯಿತು ಅನ್ನಿಸಿತು.

ಅಲ್ಲಿಯೇ ನನ್ನ ಹೊಟ್ಟೆಯನ್ನು ಮತ್ತೆ ಬಿಚ್ಚಿದರು. ಇಬ್ಬರೂ ಎದುರು ಬದುರು ಕೂತು ಮೊಣಕಾಲ ಮೇಲೆ ನನ್ನನ್ನು ಎಳೆದುಕೊಂಡರು. ದಾವಲಬಿ ಒಂದು ಚಿಟಿಕೆ ಜೋಳ ಹಿಡಿದು ಇನ್ನೊಂದು ಅಂಗೈಯನ್ನು ನನ್ನ ಮೇಲೆ ಊರಿದಳು. ಪ್ರಭಾ ಫೋನ್ ಒತ್ತಿದಳು. ಗುರುಸಿದ್ದವ್ವ ತುಟಿ ತೆರೆದಳು.

ಹಸದು ಕುಂತಾಳ ನಮ್ಮ ಕೌದೆವ್ವ ತಂಗೀ.

ದಾವಲಬಿ ಕಾದಳು. ಅಂಗೈಯನ್ನು ಇನ್ನೂ ಗಟ್ಟಿಯಾಗಿ ಒತ್ತಿದಳು. ನಾನು ನನ್ನ ನೂಲುನೂಲನ್ನೂ ಬಿಗಿ ಹಿಡಿದೆ. ಏನಾದರೂ ಹಾದುಬರಲಿ ಅಂತ ಕಾದೆ. ಏನೂ ಬರಲಿಲ್ಲ.

"ಎತ್ತವಾ," ಅಂದಳು ದಾವಲಬಿ.

ಗುರುಸಿದ್ದವ್ವ ಮತ್ತೆ ತುಟಿ ಆಡಿಸಿದಳು.

"ಬಟ್ಟಿ ನಡಗವಲ್ದು." ದಾವಲಬಿ ನನ್ನತ್ತ ನೋಡಿದಳು, ಗೆಳತಿಯತ್ತ ನೋಡಿದಳು. ಮೆಲ್ಲಗೆ ಕೈ ಚಾಚಿ ಅವಳ ಕೊರಳ ಬಟ್ಟೆ ಸರಿಸಿದಳು. ತೂತು ಕಂಡಿತು. "ಯಾ ಅಲ್ಲಾ! ದನೀನ ಇಲ್ಲೇನು ನಿನಗ? ಹಂಗಾರ ಇಷ್ಟೊತ್ತನಕಾ ನಾ ಕೇಳಿದ್ದೇನು?" ಅಂದವಳೇ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಪ್ರಭಾ ಬಿಡಲಿಲ್ಲ. ಹಳೆಯ ರೆಕಾರ್ಡಿಂಗ್ ಹಚ್ಚಿ ಫೋನನ್ನು ನನ್ನ ಮೈಮೇಲೆ ಇಟ್ಟಳು. ಅದು ನೊಣ ಸಿಕ್ಕಿಕೊಂಡಂತೆ ಗುಂಯ್‌ ಅಂದಿತು. ದಾವಲಬಿ ಬೆರಳಿಟ್ಟು ನೋಡಿ ತಲೆಯಾಡಿಸಿದಳು. "ಇದು ಅಕಿ ಅಲ್ಲ."

"ರಾಗ ಬ್ಯಾಡ ದಾವಲವ್ವಾ. ಈ ಕೌದಿ ಸೊಲ್ಲಿನ ಮಾತರೆ ಹೇಳು, ಸಾಕು."

"ಮಾತು ಬ್ಯಾರೆ ತಗದ ಇಟ್ಟಿಲ್ಲವಾ ನಾ. ಅಕಿ ಎತ್ತಿದ್ರ ಬರ್ತಿದ್ದು, ಹೊಟ್ಟಿ ಮುಚ್ಚಿದ್ರ ಹೋಗ್ತಿದ್ದು. ಈಗ ಎಲ್ಲಿಂದ ತರಲಿ?"

"ಹೊಸಾದು ಕಟ್ಟು."

ಅವಳು ಪ್ರಯತ್ನ ಮಾಡಿದಳು, ಇಲ್ಲವೆಂದರೆ ಪಾಪ ಬರುತ್ತದೆ. ನನ್ನ ತುಂಡುಗಳ ಮೇಲೆ ಬೆರಳಾಡಿಸಿದಳು. ತನ್ನ ಗಂಡನ ಲುಂಗಿ ಗುರುತಿಸಿದಳು, ಪ್ರಭಾ ಕೂಸಿದ್ದಾಗಿನ ಲಂಗ ಗುರುತಿಸಿದಳು. ಬಾಯಿ ತೆರೆದಳು. ಒಂದು ಒಣ ಶಬ್ದ ಬಂತು, ಅಷ್ಟೇ. ಹಿಡಿದ ಜೋಳವನ್ನು ಮೊರಕ್ಕೆ ಹಾಕಿದಳು. "ಹಾಡಿಲ್ಲದ ಕಾಳು ಹಾಕಬಾರ್ದು," ಅಂದಳು. ಬಿಗಿ ಹೊಲಿಗೆಯವಳೇ ಮತ್ತೆ ಸೂಜಿ ತೆಗೆದುಕೊಂಡು ನನ್ನ ಹೊಟ್ಟೆ ಮುಚ್ಚಿದಳು.

ಆಮೇಲೆ ಗುರುಸಿದ್ದವ್ವ ಬಹಳ ದಿನ ಉಳಿಯಲಿಲ್ಲ. ಇದ್ದಷ್ಟು ದಿನ ದಾವಲಬಿ ಬಂದು ಎದುರಿಗೆ ಕೂರುತ್ತಿದ್ದಳು. ಗೆಳತಿ ಸತ್ತ ಮೇಲೆ ದಾವಲಬಿಯನ್ನು ಮಗಳು ಹೊಸಪೇಟೆಗೆ ಕರೆದೊಯ್ದಳು. ಅಲ್ಲಿ ಯಾರ ತುಟಿಯನ್ನೂ ನೋಡದೆ ಕೂತಿರುತ್ತಾಳಂತೆ.

ಪ್ರಭಾ ಆ ಅರ್ಧ ಹಾಡನ್ನೇ ಹಾಕಿದಳು. ಅದಕ್ಕೊಂದು ಚಿತ್ರ ಮಾಡಿದಳು. ಚಿಂದಿಯಲ್ಲಿ ಇಬ್ಬರು ಹೆಂಗಸರು, ನಡುವೆ ಕೌದಿ. ದಾವಲಬಿಗೆ ಕಣ್ಣು ಮೂಗು ಎಲ್ಲ ಅಂಟಿಸಿ ಬಾಯಿ ಮಾತ್ರ ಅಂಟಿಸದೆ ಬಿಟ್ಟಳು. ಯಾರೋ ಕೆಳಗೆ ಬರೆದರು: "ಮೇಡಂ, ನಡುನಡುವೆ ಆಡಿಯೋ ಕಟ್ ಆಗ್ತಿದೆ, ಸರಿ ಮಾಡಿ ಹಾಕಿ." ಇನ್ನೊಬ್ಬ ಆ ಖಾಲಿ ಜಾಗಗಳಿಗೆಲ್ಲ ಡಬ್ ಡಬ್ ಅನ್ನುವ ತಾಳ ತುಂಬಿ ತನ್ನ ಹೆಸರಿನಲ್ಲಿ ಹಾಕಿಕೊಂಡ. ಅದನ್ನು ಬೇಕಾದಷ್ಟು ಜನ ಕೇಳಿದರಂತೆ. ಪ್ರಭಾ ಮೈಕನ್ನು ಡಬ್ಬಿಗೆ ಹಾಕಿಟ್ಟಳು.

ಈಗ ನಾನು ಮತ್ತೆ ಕಿಟಕಿಯಲ್ಲಿದ್ದೇನೆ. ಬಣ್ಣ ಹೋಗಿದೆ, ಸಡಿಲ ಹೊಲಿಗೆಯ ಕಡೆ ನೂಲು ಬಿಚ್ಚಿಕೊಳ್ಳುತ್ತಿದೆ. ಹೊಟ್ಟೆಯಲ್ಲಿದ್ದ ಅಕ್ಕಿಯನ್ನು ಇಲಿ ತಿಂದು ಹೋಯಿತು. ಮಧ್ಯಾಹ್ನ ಕೆಲಸ ಇಲ್ಲದಾಗ ಪ್ರಭಾ ಆ ಹಾಡು ಹಚ್ಚುತ್ತಾಳೆ. ಗುರುಸಿದ್ದವ್ವ ಎತ್ತುತ್ತಾಳೆ, ಹೊಟ್ಟಿಗೇನ ಹಾಕಿ ಮುಚ್ಚೂಣ ಎಂದು ಕೇಳಿ ಸುಮ್ಮನಾಗುತ್ತಾಳೆ. ಪ್ರಭಾ ಕತ್ತರಿ ಕೆಳಗಿಟ್ಟು ಆ ಖಾಲಿಯನ್ನು ಕೇಳುತ್ತ ಕೂರುತ್ತಾಳೆ.

ಹೇಳುವುದಿಲ್ಲ ಅಂದಿದ್ದೆನಲ್ಲ, ಆಗುವುದಿಲ್ಲ ನನ್ನಿಂದ. ಆ ಖಾಲಿಯಲ್ಲಿ ನಾನು ಹೇಳಿಬಿಡುತ್ತೇನೆ. ದಾವಲಬಿಯ ಸೊಲ್ಲು, ಅವಳು ಅಂದು ಕಟ್ಟೆಯ ಮೇಲೆ ಕಟ್ಟಿದ್ದು, ಒಂದಕ್ಷರ ತಪ್ಪಿಸದೆ, ಇರುವ ಅಷ್ಟೂ ಬಲ ಹಾಕಿ ಹೇಳುತ್ತೇನೆ. ಪ್ರಭಾ ಒಮ್ಮೊಮ್ಮೆ ತಟ್ಟನೆ ತಲೆ ಎತ್ತಿ ಕಿಟಕಿಯ ಕಡೆ ನೋಡುತ್ತಾಳೆ. ಎದ್ದು ಬರುತ್ತಾಳೆ, ನನ್ನ ಹತ್ತಿರ ನಿಲ್ಲುತ್ತಾಳೆ.

"ಗಾಳಿ," ಅನ್ನುತ್ತಾಳೆ. ಅವ್ವನ ಹಾಡಿನಲ್ಲಿ ಸದ್ದು ಬೆರೆಯಬಾರದೆಂದು ನನ್ನ ನಾಲ್ಕೂ ಮೂಲೆಗಳನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿ ಹೋಗುತ್ತಾಳೆ.